ಹೆಬ್ಬೆಟ್ಟಿನ ಪುಟ

ಓಲೆಗರಿಗಳು ಮೊದಲು ಹೋದವು,
ಕೈಗವಸಿನ ಬೆರಳುಗಳ ಮೇಲೆ, ಮದುಮಕ್ಕಳ ಹಾಗೆ.
ಆಮೇಲೆ ಚರ್ಮದ ರಟ್ಟಿನ ಫಾರ್ಸಿ ಹೊತ್ತಿಗೆಗಳು.
ಎಲ್ಲ ಮುಗಿದು, ಸ್ಕ್ಯಾನರಿನ ದೀಪ ಆರಿಸುವ ಹೊತ್ತಿಗೆ
ರದ್ದಿಯ ಗಂಟಿನಿಂದ ನಾನು ಎಳೆದದ್ದು ಇದನ್ನು:
ಚಿಟಗುಪ್ಪ ವಾಚನಾಲಯದ
ಪುಸ್ತಕ ಕೊಟ್ಟ, ಬಂದ ಲೆಕ್ಕದ ವಹಿ,
ಫಸಲಿ ಸಾವಿರದ ಮುನ್ನೂರ ನಲವತ್ತೇಳು.

"ಇದ್ಯಾಕ ಬೇಕವ್ವಾ?" ಅಂದ ಬೀದರಿನಿಂದ ಬಂದ ಹುಡುಗ.
"ಇದರಾಗ ಸಾಹಿತ್ಯ ಇಲ್ಲ, ಇತಿಹಾಸ ಇಲ್ಲ."
ಇರಲಿ, ಹಾಕು ಅಂದೆ.
ದಿನಗೂಲಿಯವಳ ಮಾತು; ಆದರೂ ಹಾಕಿದ.

ಯಂತ್ರ ಓದಿತು.
ಉರ್ದು ಶಿಕಸ್ತದ ಓಡುವ ಅಕ್ಷರ,
ಚಾ ಚೆಲ್ಲಿದ ಮೂಲೆ, ನೀರು ಇಳಿದ ಗೆರೆ,
ಎಲ್ಲ ದಾಟಿ, ನಾನು ಊಟ ಮುಗಿಸಿ ಬರುವುದರೊಳಗೆ
ಅರವತ್ತು ಪುಟ ಕನ್ನಡಕ್ಕೆ ಇಳಿಸಿ
ಪ್ರತಿ ಹೆಸರಿನ ಮಗ್ಗುಲಿಗೆ
ತನ್ನ ನಂಬಿಕೆಯನ್ನು ಶೇಕಡಾದಲ್ಲಿ ಬರೆದಿತ್ತು.
ನನಗೆ ಅದು ಸೇರಿತು.
ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ,
ನನಗೆ ಇದು ನೂರಕ್ಕೆ ಅರವತ್ತೆರಡು ಮಾತ್ರ ಗೊತ್ತು, ಎಂದು.

ತಾಳೆ ನೋಡಲು ಮುನವ್ವರ್ ಮಾಸ್ತರರು ಬಂದರು,
ಒಂದು ಕಣ್ಣಿಗೆ ಹಸಿರು ಪಟ್ಟಿ, ಪೊರೆ ತೆಗೆಸಿ ಎಂಟು ದಿನ.
ಪರದೆಗೆ ಮೂಗು ತಾಗಿಸಿ ನಕ್ಕರು.
"ಜರಪ್ಪ ಅಂದದ ನಿನ್ನ ಮಷೀನು.
ಜರಪ್ಪ ಅಲ್ಲ ಬೇಟಿ, ಝರೆಪ್ಪ.
ಜೀಮಿನ ಬೆನ್ನಿಗೆ ಎರಡು ಕಣ್ಣಿನ ಹೇ ಕುಂತದ,
ಕಾಣವಲ್ದೇನು ಅದಕ್ಕ?"
ಒಂದೇ ಕಣ್ಣಿನವರು ತೋರಿಸಿದರು,
ನಾನು ತಿದ್ದಿದೆ, ಅದು ಕಲಿತುಕೊಂಡಿತು.
ಇನ್ನು ಓದು ಬಾರದ ಯಾರಾದರೂ ಫೋನಿಗೆ
ಝರೆಪ್ಪ ಎಂದು ಬಾಯಿಬಿಟ್ಟು ಕೇಳಿದರೂ ಸಾಕು,
ಈ ಸಾಲು ಎದ್ದು ಬರುತ್ತದೆ:

ಝರೆಪ್ಪ ವಲ್ದ್ ಮಾಣಿಕಪ್ಪ, ಕಸುಬು ಹಮಾಲಿ.
ಒಯ್ದದ್ದು ಕನ್ನಡ ಅಂಕಲಿಪಿ, ಒಂದು.
ಬಹಮನ್ ತಿಂಗಳಲ್ಲಿ ಒಯ್ದ, ತಂದ.
ಇಸ್ಫಂದಾರದಲ್ಲಿ ಮತ್ತೆ ಅದನ್ನೇ.
ಖುರ್ದಾದಿನಲ್ಲಿ ತಡವಾಗಿ, ಅರ್ಧ ಆಣೆ ದಂಡ ತೆತ್ತು,
ಅಲ್ಲೇ ನಿಂತು ಮತ್ತೆ ಅದನ್ನೇ.
ಹನ್ನೊಂದು ಸಲ.
ಹನ್ನೊಂದು ಸಲವೂ ಸಹಿಯ ಜಾಗದಲ್ಲಿ ಹೆಬ್ಬೆಟ್ಟು.

ಮಗಳಿಗೋ, ಮಗನಿಗೋ, ತನಗೋ,
ವಹಿ ಹೇಳುವುದಿಲ್ಲ.
ಹುಡುಗ ಅಂದ, ಮಕ್ಕಳಿಗಿರಬೇಕು.
ಮಾಸ್ತರರು ಅಂದರು, "ಅಡತಿ ಅಂಗಡ್ಯಾಗ ಚೀಲ ಎಣಿಸೋದು ಕಲಿಲಿಕ್ಕ."
ನಾನು ಏನೂ ಅನ್ನಲಿಲ್ಲ.
ಕೊನೆಯ ಹೆಬ್ಬೆಟ್ಟಿನ ಬಲಕ್ಕೆ ಒಂದು ಗೀರು ಇದೆ,
ಮೇಲಿಂದ ಇಳಿದು, ಸುತ್ತಿ, ನಡುವೆ ನಿಂತದ್ದು.
'ಯು' ಇರಬಹುದು, ಎಂದಿತು ಯಂತ್ರ, ಶೇಕಡಾ ಮೂವತ್ತೊಂದು.
ಲೇಖಣಿ ಜಾರಿದ್ದೂ ಇರಬಹುದು.
'ಝ'ದಿಂದ ಶುರುವಾಗುವ ಹೆಸರು ಹೊತ್ತವನ ಕಷ್ಟ;
ನಾನೇ ಅದನ್ನು ಮೂರನೇ ಇಯತ್ತೆಯವರೆಗೆ
ಸರಿಯಾಗಿ ಬರೆದಿರಲಿಲ್ಲ.

ಹೆಬ್ಬೆಟ್ಟಿನ ಸುತ್ತ ಕೆಂಪು ಚೌಕ ಹಾಕಿ ಅದು ಕೇಳಿತು:
ಇದು ಏನು? ಆರಿಸಿ.
ಕಲೆ. ಮುದ್ರೆ. ಚಿತ್ರ. ಕಸ.
ಮಸಿಯ ಆ ಸಣ್ಣ ಹೊಲದಲ್ಲಿ
ಸುತ್ತಿ ಸುತ್ತಿ ಬಂದ ಸಾಲುಗಳಿಗೆ ಅಡ್ಡವಾಗಿ
ಒಂದು ಬಿಳಿ ಗೆರೆ, ಚೀಲದ ಹಗ್ಗ ಕೊಯ್ದದ್ದು.
ನಾಲ್ಕನ್ನೂ ಬಿಟ್ಟು, ಕೆಳಗೆ 'ಬೇರೆ' ಎಂಬಲ್ಲಿ
ಒಂದೊಂದೇ ಅಕ್ಷರ ಒತ್ತಿದೆ:
ಓದುಗ.

ರಾತ್ರಿಯೆಲ್ಲ ಅದು ತಾನೇ ಓದಿಕೊಂಡಿತು.
ಬೆಳಿಗ್ಗೆ ಬೀಗ ತೆಗೆದು ನೋಡಿದರೆ
ಉಳಿದ ಹೆಬ್ಬೆಟ್ಟುಗಳಿಗೆಲ್ಲ: ಓದುಗ.
ಚಾ ಬಟ್ಟಲಿನ ಉಂಗುರಕ್ಕೆ: ಓದುಗ.
ಕಂದೀಲಿನ ಎಣ್ಣೆ ಬಿದ್ದ ಮಚ್ಚೆಗೆ,
ಒಣಗಿ ಅಂಟಿದ ಸೊಳ್ಳೆಗೆ,
ನಲವತ್ತನೆಯ ಪುಟದಿಂದ ಹಿಂದಿನ ರಟ್ಟಿನವರೆಗೆ
ಗೆದ್ದಲು ಕೊರೆದ ಸುರಂಗಕ್ಕೂ: ಓದುಗ,
ನಂಬಿಕೆ ಶೇಕಡಾ ತೊಂಬತ್ತಾರು.

ಹುಡುಗ ಹಣೆ ಚಚ್ಚಿಕೊಂಡ. "ಎಲ್ಲಾ ಕೆಡಿಸಿಬಿಟ್ರಿ."
ಸಂಜೆಯೊಳಗೆ ತಿದ್ದಿಕೊಡಬೇಕು.
ಬಟ್ಟಲನ್ನು ತಿದ್ದಿದೆ. ಎಣ್ಣೆಯನ್ನು ತಿದ್ದಿದೆ.
ಸೊಳ್ಳೆಯನ್ನೂ.
ಗೆದ್ದಲಿನ ಹತ್ತಿರ ಬಂದು ಕೈ ನಿಂತಿತು.
ಎಂಬತ್ತು ವರ್ಷ
ಬೇರೆ ಯಾರು ತೆರೆದಿದ್ದರು ಈ ವಹಿಯನ್ನು?